ಟಕ್ ಅನ್ನದ ಕ್ಯಾಮೆರಾ

ಕೂಸು ಎದ್ದದ್ದು ಕ್ಯಾಮೆರಾದ ತಪ್ಪು ಎಂದು ಇಟ್ಟಂಗಿಹಾಳದ ಹೆಂಗಸರೆಲ್ಲ ಸೇರಿ ತೀರ್ಪು ಕೊಟ್ಟ ದಿನವೇ ಸೌಭಾಗ್ಯ ಹಟ ತೊಟ್ಟಳು. ತೊಟ್ಟಿಲ ಕಾರ್ಯಕ್ರಮ. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಇವಳ ಹಳೆಯ ಕ್ಯಾಮೆರಾ 'ಟಕ್' ಎಂದಿತು. ಕೂಸು ಬೆಚ್ಚಿಬಿದ್ದು ಶುರುಮಾಡಿದ ಅಳು ಊಟದ ಪಂಕ್ತಿ ಏಳುವವರೆಗೂ ನಿಲ್ಲಲಿಲ್ಲ. (ಆ ಸೋದರತ್ತೆಯ ಗಂಟಲು ಕ್ಯಾಮೆರಾಕ್ಕಿಂತ ಹತ್ತು ಪಟ್ಟು ದೊಡ್ಡದು. ಅದನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ.)

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸೌಭಾಗ್ಯಳದೇ ಫೋಟೋ ಸ್ಟುಡಿಯೋ. ಫೋಟೋ ತೆಗೆಯುವವಳು ಅವಳು. ಗಂಡ ಸಿದ್ದರಾಮ ಲೈಟ್ ಹಿಡಿಯುವವನು, ಚೀಲ ಹೊರುವವನು, ಬಿಡುವಾದಾಗ ಬೈಸಿಕೊಳ್ಳುವವನು. ಹೆಂಗಸರ ಕಾರ್ಯಕ್ರಮಕ್ಕೆ ಹೆಣ್ಣುಮಗಳೇ ಬಂದು ಫೋಟೋ ತೆಗೆಯುತ್ತಾಳೆಂದು ಸುತ್ತಲಿನ ಊರುಗಳಿಂದ ಕರೆ ಬರುತ್ತಿತ್ತು. ಅಂಥ ಹೆಸರಿಗೆ ಯಃಕಶ್ಚಿತ್ ಒಂದು ಸಪ್ಪಳದಿಂದ ಧಕ್ಕೆ ಬರುವುದೆಂದರೇನು? ಮರುದಿನವೇ ಹಳೆಯದನ್ನು ಅಂಗಡಿಗೆ ಕೊಟ್ಟು, ಸದ್ದೇ ಮಾಡದ ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದಳು.

"ಕನ್ನಡಿ ಇಲ್ಲಂದ್ರ ಒಳಗ ಮತ್ತೇನೈತಿ?" ಎಂದು ಸಿದ್ದರಾಮ ಕೇಳಿದ.

"ಬುದ್ಧಿ ಐತ್ರಿ. ಮಂದಿ ಕಣ್ಣ ಎಲ್ಲೈತಿ ಅಂತ ತಾನ ಹುಡುಕ್ತೈತಿ."

ಹುಡುಕಿದ್ದು ನಿಜ. ಮೊದಲ ಪರೀಕ್ಷೆಯಲ್ಲೇ ಅದರ ಪರದೆಯ ಮೇಲೆ ಕಣ್ಣು ಹುಡುಕುವ ಹಸಿರು ಚೌಕ ಎದುರಿಗೆ ನಿಂತ ಸಿದ್ದರಾಮನನ್ನು ಬಿಟ್ಟು, ಗೋಡೆಯ ಮೇಲೆ ಚೌಕಟ್ಟಿನಲ್ಲಿದ್ದ ಮಾವನವರ ಕಣ್ಣಿಗೆ ಹೋಗಿ ಅಂಟಿಕೊಂಡಿತು. ಬ್ಯಾಟರಿ ಮಾತ್ರ ಹಬ್ಬದ ಮನೆಯ ಎಣ್ಣೆಯಂತೆ ಕರಗುತ್ತಿತ್ತು. ಸೌಭಾಗ್ಯ ಇದ್ಯಾವುದನ್ನೂ ದೋಷವೆಂದು ಒಪ್ಪಲಿಲ್ಲ. ಕ್ಯಾಮೆರಾ ಹಗುರ, ಕಂಡಂತೆಯೇ ಫೋಟೋ, ಎಲ್ಲಕ್ಕಿಂತ ಮಿಗಿಲಾಗಿ ಮೌನ. ಸದ್ದಿಲ್ಲದೆ ತೆಗೆಯುವಾಗ ಫ್ಲ್ಯಾಶೂ ಹೊಡೆಯದು ಎಂದು ತಿಳಿದಾಗ, ಸದಾ ಉರಿಯುವ ದೊಡ್ಡ ಲೈಟೊಂದನ್ನು ಗಂಡನ ಹೆಗಲಿಗೇರಿಸಿ ಆ ಸಮಸ್ಯೆಯನ್ನೂ ಬಗೆಹರಿಸಿದಳು.

"ಸೆಟ್ಟಿಂಗ್‌ನಾಗ ಸಪ್ಪಳಾನೂ ಐತಂತ, ಅಂಗಡ್ಯಾವ್ರು ಹೇಳಿದ್ರು" ಎಂದ ಸಿದ್ದರಾಮ.

"ಸಪ್ಪಳ ಬೇಕಾಗಿದ್ರ ಹಳೇದ ಇರಲಿಲ್ಲೇನ್ರಿ? ನನ್ನ ಕೈಯಾಗ ಇರೋತನಕ ಇದು ಬಾಯಿ ತಗಿಯಂಗಿಲ್ಲ!"

ಹೀಗೆ ಪ್ರತಿಜ್ಞೆ ಮಾಡಿದ ವಾರದಲ್ಲೇ ಬಬಲೇಶ್ವರದ ರೇಣುಕವ್ವನ ಮನೆಯಿಂದ ಕರೆ ಬಂತು. ಬಸುರಿ ಸೊಸೆ ಮಾಲಾಳಿಗೆ ಉಡಿ ತುಂಬುವ ಕುಬುಸ. ರೇಣುಕವ್ವ ಮೆಚ್ಚಿದರೆ ಅವಳ ಬೀಗರ ಊರುಗಳೆಲ್ಲ ಮೆಚ್ಚಿದಂತೆ. ಆಕೆ ಮೂಗು ಮುರಿದಳೋ, ಸೌಭಾಗ್ಯ ಜೀವಮಾನವಿಡೀ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಸ್ಟುಡಿಯೋದಲ್ಲೇ ಕೂಡಬೇಕು.

ರೇಣುಕವ್ವ ಬಾಗಿಲಲ್ಲೇ ಕ್ಯಾಮೆರಾವನ್ನು ಮೇಲೆ ಕೆಳಗೆ ನೋಡಿದಳು. "ಇಷ್ಟ ಸಣ್ಣದು? ದೊಡ್ಡದು ಮನ್ಯಾಗ ಮರತ ಬಂದಿ ಏನಬೇ?"

"ಇದು ಅದಕ್ಕಿಂತ ಶಾಣ್ಯಾ ಐತ್ರಿ ಯವ್ವಾ, ನೋಡ್ತಿರ್ರಿ."

ಉಡಿ ತುಂಬುವುದು ಶುರುವಾಯಿತು. ಉಡಿ ತುಂಬುವವರು ಬಸುರಿಯ ಸೆರಗಿನಲ್ಲಿ ತೆಂಗಿನಕಾಯಿ ಇಟ್ಟು, ಕೈ ತೆಗೆಯದೆ, ಮುಖವನ್ನು ಕ್ಯಾಮೆರಾ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು ನಿಲ್ಲಬೇಕು. ಟಕ್ ಎಂದ ಮೇಲೆಯೇ ಕೈ ಬಿಡಬೇಕು. ಇದು ಯಾವ ಶಾಸ್ತ್ರದಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಆದರೆ ಇದನ್ನು ಮುರಿದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ. ಮೊದಲು ಬಂದ ರೇಣುಕವ್ವ ಕಾಯಿ ಇಟ್ಟಳು, ತಿರುಗಿದಳು, ನಕ್ಕಳು, ಹಾಗೇ ನಿಂತಳು. ಸೌಭಾಗ್ಯ ಆಗಲೇ ನಾಲ್ಕಾರು ಫೋಟೋ ತೆಗೆದು ಮುಗಿಸಿದ್ದಳು.

"ಆತ್ರಿ ಯವ್ವಾ, ಸರೀರಿ."

"ಎಲ್ಲಿ ಆತು? ಸಪ್ಪಳ ಬರಲಿಲ್ಲ."

"ಇದರಾಗ ಸಪ್ಪಳ ಬರಂಗಿಲ್ರಿ."

"ಬರಂಗಿಲ್ಲಂದ್ರ ಕೆಟ್ಟೈತಿ. ನೀ ಸರಿ ಮಾಡ್ಕೋ, ನಾ ನಿಂತಿರ್ತೀನಿ."

ಸೌಭಾಗ್ಯ ಹೋಗಿ ಪರದೆಯ ಮೇಲೆ ಫೋಟೋ ತೋರಿಸಿದಳು. ಅಲ್ಲಿಗೆ ಕೆಲಸ ಕೆಟ್ಟಿತು. ರೇಣುಕವ್ವನ ಕಣ್ಣಿಗೆ ಚಾಳೀಸು ಬೇಕಾಯಿತು. ಚಾಳೀಸು ಬಂದ ಮೇಲೆ ಕುಂಕುಮ ಸೊಟ್ಟಗೆ ಕಂಡಿತು. ತಿದ್ದಿಕೊಂಡು ಮತ್ತೊಮ್ಮೆ ನಿಂತಳು. ಹಿಂದಿನವರೂ ನಮ್ಮದು ತೋರಿಸು, ನಮ್ಮದೂ ತೋರಿಸು ಎಂದರು. ಸಾಲು ಬೆಳೆದು ಅಂಗಳ ದಾಟಿತು. ಒಳಗೆ ಹೋಳಿಗೆ ಆರುತ್ತಿತ್ತು.

"ಅತ್ತೀ, ನಂಗ ಹಸಿವ್ಯಾಗೇತ್ರಿ" ಎಂದು ಮಾಲಾ ಅಳುವಂತಾದಳು.

"ಸೆಟ್ಟಿಂಗ್‌ನಾಗಿನ ಸಪ್ಪಳ ಹಾಕು, ಎಲ್ಲಾರೂ ನಮ್ಮನ್ನ ನೋಡಾಕತ್ತಾರ" ಎಂದು ಸಿದ್ದರಾಮ ಲೈಟಿನ ಹಿಂದಿನಿಂದ ಪಿಸುಗುಟ್ಟಿದ.

"ಹಾಕಂಗಿಲ್ಲ! ಮಂದಿ ಕಲೀಬೇಕು, ಕಲೀತಾರ."

ಮಂದಿ ಕಲಿಯಲಿಲ್ಲ. ಮುಂದಿನ ಮುತ್ತೈದೆ ಕಾಯಿ ಹಿಡಿದು ಬೊಂಬೆಯಾಗಿ ನಿಂತಾಗ, ಎಲ್ಲಿಂದಲೋ "ಟಕ್" ಎಂದಿತು. ಮುತ್ತೈದೆ ತಟ್ಟನೆ ಕೈ ಬಿಟ್ಟು ಸರಿದಳು. ಮತ್ತೊಬ್ಬಳು ಬಂದಳು. ಟಕ್. ಸರಿದಳು. "ಹಾಂ, ಈಗ ಸರಿಯಾತು ನೋಡು!" ಎಂದಳು ರೇಣುಕವ್ವ. ಸೌಭಾಗ್ಯ ತಿರುಗಿ ನೋಡಿದರೆ ಸಿದ್ದರಾಮನ ಮುಖ ಬಲು ಗಂಭೀರವಾಗಿತ್ತು, ಅರೆತೆರೆದ ಬಾಯಲ್ಲಿ ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿ ಮುಂದಿನ ಟಕ್‌ಗೆ ಕಾಯುತ್ತಿತ್ತು.

ಸಿಟ್ಟಿನಿಂದ ಅವಳ ಕಿವಿ ಕೆಂಪಾದವು. ಆದರೆ ಸಾಲು ಬಾಣದಂತೆ ಓಡುತ್ತಿತ್ತು, ಏನನ್ನಬೇಕು? ಸ್ವಲ್ಪ ಹೊತ್ತಿನಲ್ಲೇ ಸಿದ್ದರಾಮನಿಗೆ ಹುರುಪು ಬಂತು. ಒಬ್ಬರಿಗೆ ಒಂದು ಟಕ್, ಗುಂಪಿಗೆ ಟಕಾಟಕ್, ಹಿರಿಯರಿಗೆ ಗೌರವದಿಂದ ಎಳೆದು ಟ...ಕ್. ಸೌಭಾಗ್ಯ ತಯಾರಾಗುವ ಮೊದಲೇ ಅವನು ಟಕ್ ಎಂದರೆ ಎದುರಿನವರು ಹೊರಟೇ ಬಿಡುತ್ತಿದ್ದರು. ಹೀಗಾಗಿ ಸ್ವಂತ ಸ್ಟುಡಿಯೋದ ಒಡತಿ ಗಂಡನ ನಾಲಿಗೆಯ ತಾಳಕ್ಕೆ ಗುಂಡಿ ಒತ್ತಬೇಕಾಯಿತು.

ಊಟದ ಹೊತ್ತಿಗೆ ರೇಣುಕವ್ವ ತಾನೇ ಬಂದು ಸಿದ್ದರಾಮನ ತಾಟಿಗೆ ಮೇಲೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು. "ತಿನ್ನೋ ಯಪ್ಪಾ, ಬಾಯಿಗೆ ಭಾಳ ಕೆಲಸ ಬಿತ್ತು." ಮುದುಕಿ ಎಲ್ಲ ನೋಡಿದ್ದಳು! ಸೌಭಾಗ್ಯ ತಲೆ ಎತ್ತದೆ ಹೋಳಿಗೆ ಮುರಿದಳು.

ಫೋಟೋ ಚೆನ್ನಾಗಿಯೇ ಬಂದವು. ರೇಣುಕವ್ವ ಮೆಚ್ಚಿದಳು. ತಿಕೋಟಾದ ಬೀಗತಿಯಿಂದ ಸ್ಟುಡಿಯೋಕ್ಕೆ ಫೋನೂ ಬಂತು. ಸೌಭಾಗ್ಯ ಗೆದ್ದ ಖುಷಿಯಲ್ಲಿ ಗಂಡನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಸೀಮಂತ ಐತ್ರಿ ನಮ್ಮನ್ಯಾಗ. ಕ್ಯಾಮೆರಾ ಯಾವ್ದರ ತರ್ರಿ, ಅದರ ಚಿಂತಿಲ್ಲ. ಟಕ್ ಅನ್ನಾವ್ರು ಮಾತ್ರ ಅವ್ರೇ ಬರ್ಬೇಕ್ರಿ."

ಫೋನಿಟ್ಟು ಸೌಭಾಗ್ಯ ಸೆಟೆದು ನಿಂತಳು. "ಕೇಳ್ರಿಲ್ಲಿ, ಯಾರ ಏನರ ಅನ್ಲಿ, ಈ ಕ್ಯಾಮೆರಾ ನಾ ಬದಲಿ ಮಾಡಂಗಿಲ್ಲ!"

ಸಿದ್ದರಾಮ ಕಛೇರಿಗೆ ಹೊರಟ ಗಾಯಕನಂತೆ ಒಂದು ಲವಂಗ ಬಾಯಿಗೆ ಹಾಕಿಕೊಂಡು ಕುರ್ಚಿಗೆ ಒರಗಿದ. "ಬದಲಿ ಮಾಡಂತ ಯಾರಂದ್ರು? ಅದನ್ನ ಹಿಡ್ಕೊಂಡು ನನ್ನ ಜೋಡಿ ಬಾ. ಬರೋ ಮುಂದ ಆ ಲೈಟೂ ತಗೋ, ಹಾಡೋ ಮಂದಿ ಭಾರ ಎತ್ತಬಾರ್ದು."