ಮೇಷ್ಟ್ರು ಬಳಿದುಕೊಂಡ ಗಂಧದೆಣ್ಣೆ

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ವರ್ಷದ ಮಾತು. ಸಾಗರದ ಸೀತಾರಾಮಪ್ಪ ಮೇಷ್ಟ್ರಿಗೆ ಗಂಧದೆಣ್ಣೆಯ ಬಗ್ಗೆ ಗೊತ್ತಿಲ್ಲದ ಸಂಗತಿ ಈ ಭೂಮಂಡಲದಲ್ಲೇ ಇರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು (ಬೇರೆಯವರಿಗೆ ಬಾಯಿ ಬಿಡಲು ಅವಕಾಶ ಸಿಕ್ಕಿದರೆ ತಾನೆ?). ಮಗಳು ತುಂಗಾಳ ಮದುವೆ ಮಾತು ಮುಗಿಸಲು ಹೆಂಡತಿಯೊಂದಿಗೆ ಹೊಸನಗರಕ್ಕೆ ಹೊರಟ ದಿನ, ಬೀಗರಾಗುವವರಿಗೆ ಕೊಡಲೆಂದು ಶಿವಮೊಗ್ಗದಿಂದ ತರಿಸಿದ್ದ ಎಣ್ಣೆಯ ಪುಟ್ಟ ಸೀಸೆಯನ್ನು ಜೇಬಿಗಿಳಿಸಿದರು. ಅದಕ್ಕೆ ಮುಂಚೆ ಕಿವಿಯ ಹಿಂದೆ, ಕುತ್ತಿಗೆಗೆ, ಶಾಲಿಗೆ, ಕೊನೆಗೆ ಕೊಡೆಯ ಹಿಡಿಗೂ ಧಾರಾಳವಾಗಿ ಸವರಿದರು.

“ಅವ್ರಿಗೆ ಕೊಡೋಕೆ ಏನಾದ್ರೂ ಉಳಿಸ್ತೀರೋ ಇಲ್ವೋ?” ಎಂದರು ಹೆಂಡತಿ ಹೂವಮ್ಮ. “ತಲೆನೋವಿಗೆ, ಬೆವರುಸಾಲೆಗೆ ಅಂತ ನಾನು ಕೇಳಿದ್ರೆ ಒಂದು ತೊಟ್ಟು ಕೊಡ್ಲಿಲ್ಲ.”

“ದೇವರ ವಸ್ತು ಕಣೇ ಇದು. ನಿನ್ನ ಬೆವರುಸಾಲೆಗಾ?”

“ಹಾಗಾದ್ರೆ ನಿಮ್ಮ ಕೊಡೆ ಯಾವ ದೇವ್ರು?”

ಮೇಷ್ಟ್ರು ಕೊಡೆ ಬಗಲಿಗಿಟ್ಟು ಹೊರಟೇಬಿಟ್ಟರು. (ಬಸ್ಸಿಗೆ ಹೊತ್ತಾಗಿತ್ತು.)

ಬಸ್ಸಿನಲ್ಲಿ ಉಪನ್ಯಾಸ ಶುರುವಾಯಿತು. ಪುರಾಣಕಾಲದಿಂದಲೂ ದೇವರ ಹಣೆಗೆ ಗಂಧ, ಅಭಿಷೇಕದ ಕೊನೆಗೆ ಗಂಧ, ಚಿತೆಗೂ ಒಂದು ಗಂಧದ ಚಕ್ಕೆ. ಕೊಬ್ಬರಿ ಎಣ್ಣೆಗೆ ಎರಡು ಹನಿ ಬೆರೆಸಿ ಹಚ್ಚಿದರೆ ಮೈಯುರಿ ಮಂಗಮಾಯ. ಪರಿಮಳದಿಂದ ಬಸ್ಸು ತುಂಬಿತು, ಹೆಮ್ಮೆಯಿಂದ ಮೇಷ್ಟ್ರ ಎದೆ ತುಂಬಿತು.

ದಾರಿಯಲ್ಲಿ ಅರಣ್ಯ ಇಲಾಖೆಯ ಗೇಟು. ಒಳಗೆ ಹತ್ತಿದ ಗಾರ್ಡು ಮೂಗು ಅರಳಿಸಿದ. “ಯಾರ ಹತ್ರ ಇದೆ ಗಂಧ?”

ರಸಿಕನೊಬ್ಬ ಸಿಕ್ಕಿದನೆಂದು ಮೇಷ್ಟ್ರು ಕೈಯೆತ್ತಿದರು. “ನಂದು ಸ್ವಾಮಿ. ಅಸಲಿ ಮಾಲು.”

ಮರುಕ್ಷಣ ಬಸ್ಸಿನವರೆಲ್ಲ ರಸ್ತೆಯಲ್ಲಿ. ಹಾಸಿಗೆ ಸುರುಳಿ, ಟ್ರಂಕು, ಯಾರದೋ ಹಲಸಿನಹಣ್ಣಿನ ಚೀಲ, ಎಲ್ಲವೂ ತಪಾಸಣೆಗೊಳಗಾದವು. ಗಂಧದ ತುಂಡು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಗಾರ್ಡು ಗದರಿಸಿದರೆ ಮೇಷ್ಟ್ರು ಅವನಿಗೂ ಪಾಠ ಹೇಳಿದರು: “ಗಂಧ ಅಂದ್ರೆ ರಾಜವೃಕ್ಷ ಕಣಯ್ಯಾ. ನಮ್ಮ ಹಿತ್ತಲಲ್ಲಿ ಹುಟ್ಟಿದ್ರೂ ಸರ್ಕಾರದ್ದು. ಕಡಿದ್ರೆ ಜೈಲು.”

“ಇಷ್ಟೆಲ್ಲ ಗೊತ್ತಿದ್ದೂ ಕದ್ರಾ?”

ಮೇಷ್ಟ್ರ ಬಾಯಿ ಜೀವಮಾನದಲ್ಲಿ ಮೊದಲ ಬಾರಿಗೆ ಕಟ್ಟಿತು. ಹುಡುಗಿಯ ಅಪ್ಪ ಗಂಧಗಳ್ಳ ಎಂಬ ಸುದ್ದಿ ಹೊಸನಗರ ಮುಟ್ಟಿದರೆ ಮಗಳ ಸಂಬಂಧ ಅಲ್ಲಿಗೇ ಮುರಿದಂತೆ.

ಆಗ ಹೂವಮ್ಮ ಮುಂದೆ ಬಂದರು. “ಜೇಬಲ್ಲಿರೋ ಸೀಸೆಲಿರೋದು ಅಂಗಡಿ ಎಣ್ಣೆ, ಅದ್ರ ಮೇಲಿನ ಚೀಟಿ ನೋಡಿ. ಅಲ್ಲಾ, ಗಂಧ ಕದ್ದೋನು ಹೀಗೆ ಮೈಗೆಲ್ಲ ಬಳ್ಕೊಂಡು, ಕೇಳಿದ ಕೂಡ್ಲೆ ನಂದೇ ಅಂತ ಕೈ ಎತ್ತಾನಾ? ಕಳ್ಳತನಕ್ಕೂ ಒಂದಿಷ್ಟು ಬುದ್ಧಿ ಬೇಕಲ್ಲಪ್ಪ. ಇವ್ರ ಕೈಲಿ ಅದೆಲ್ಲ ಆಗೋದಲ್ಲ.”

ಬಸ್ಸಿಗೆ ಬಸ್ಸೇ ನಕ್ಕಿತು. ಗಾರ್ಡೂ ನಕ್ಕು ಗೇಟು ತೆಗೆದ.

ಹೊಸನಗರದಲ್ಲಿ ಹುಡುಗನ ಅಪ್ಪ ಕೆರಿಯಪ್ಪ ಬಾಗಿಲಲ್ಲೇ ಕೈ ಮುಗಿದರು, ಮೇಷ್ಟ್ರಿಗಲ್ಲ, ಹೂವಮ್ಮನಿಗೆ. “ನಮ್ಮ ತಮ್ಮ ಬೆಳ್ಳಪ್ಪ ಅದೇ ಬಸ್ಸಲ್ಲಿ ಬಂದ ಕಣಮ್ಮ, ಎಲ್ಲ ಹೇಳ್ದ. ನಮ್ಮ ಮನೆಗೆ ನಿಮ್ಮಂಥ ಹೆಣ್ಣೇ ಬೇಕಿತ್ತು. ಮೇಷ್ಟ್ರೇ, ಕೇಳೋದು ಒಂದೇ ಮಾತು. ಹುಡುಗಿ ಬುದ್ಧಿಯಲ್ಲಿ ಯಾರ ಹಾಗೆ?”

ತುಂಗಾ ಥೇಟ್ ಅಪ್ಪನ ಹಾಗೆ, ಅದೇ ಮಾತು, ಅದೇ ಬುದ್ಧಿ ಎಂದು ಸಾಗರದ ತುಂಬ ಸಾರಿಕೊಂಡು ತಿರುಗಿದವರು ಮೇಷ್ಟ್ರು. ಹೆಂಡತಿಯ ಕಡೆ ನೋಡಿದರು. ಹೂವಮ್ಮ ಗಂಭೀರವಾಗಿ ಸೂರು ನೋಡುತ್ತಿದ್ದರು.

“ತಾಯಿ ಹಾಗೆ,” ಎಂದರು ಮೇಷ್ಟ್ರು.

“ನಿಮ್ಮ ಹಾಗೆ ಒಂಚೂರೂ ಇಲ್ವಲ್ಲ?”

ಒಂಚೂರೂ ಇಲ್ಲವೆಂದು ಮೇಷ್ಟ್ರು ದೇವರ ಮೇಲೆ ಆಣೆ ಇಟ್ಟ ಮೇಲೆಯೇ ಕೆರಿಯಪ್ಪ ವೀಳ್ಯದ ತಟ್ಟೆ ಮುಂದೆ ಹಿಡಿದದ್ದು.