ಬರೆಸಿಕೊಂಡ ಅಳಿಯ

ಟ್ರಂಕಿನ ಒಂದು ಹಿಡಿಕೆ ಅಳಿಯ ನಿಂಗಣ್ಣನ ಕೈಯಲ್ಲಿತ್ತು, ಇನ್ನೊಂದು ಮಾವ ರಾಚಪ್ಪನ ಕೈಯಲ್ಲಿ. ಇಬ್ಬರೂ ಹೊಸ್ತಿಲ ಆಚೀಚೆ ಕಾಲೂರಿ, ಸಂತೆಯಲ್ಲಿ ಒಂದೇ ಎಮ್ಮೆಗೆ ಗಂಟುಬಿದ್ದವರಂತೆ ಜಗ್ಗುತ್ತಿದ್ದರು.

"ಬಿಡ್ರಿ ಮಾವಾರ. ಇವತ್ತ ನಮ್ಮ ಓಣ್ಯಾಗ ಖಾನೇಸುಮಾರಿ ಐತಿ. ಸಂಜಿ ಒಳಗ ಶೇವಂತಿ ರಬಕವಿ ಮುಟ್ಟಬೇಕು."

"ಬನಹಟ್ಟ್ಯಾಗೂ ಇವತ್ತ ಐತಿ. ನನ್ನ ಮಗಳ ಹೆಸರ ಇಲ್ಲೇ ಬರೀತಾರ."

"ಒಮ್ಮೆ ಬರದ್ರ ಹತ್ತ ವರ್ಷ ಅಲ್ಲೇ ಇರಬೇಕಂತ ನೋಡ್ರಿ," ಎದುರುಮನೆಯ ಮಾಯವ್ವ ಕಟ್ಟೆಯ ಮೇಲಿಂದ ಎಣ್ಣೆ ಹೊಯ್ದಳು. ಬೆಳಿಗ್ಗೆ ಈ ಸುದ್ದಿ ಹುಟ್ಟಿಸಿದವಳೂ ಅವಳೇ.

ಜಗಳ ಸಂಕ್ರಾಂತಿಯದು. ನಿಂಗಣ್ಣ ಹೆಂಡತಿಗೆ 'ಕೂತು ಉಣ್ಣಾಕಿ' ಎಂದ. ಶೇವಂತಿ ಎದ್ದು ತವರಿಗೆ ಬಂದಳು. ಕರೆದೊಯ್ಯಲು ಬೆನ್ನಿಗೇ ಬಂದ ನಿಂಗಣ್ಣ, ಒಲ್ಲೆ ಅಂದಳೆಂದು ಒಂದು ದಿನ ನಿಂತ, ಶೇಂಗಾ ಹೋಳಿಗೆ ಮಾಡಿದರೆಂದು ಇನ್ನೊಂದು ದಿನ ನಿಂತ. ಈಗ ಹೊಲದಲ್ಲಿ ಎಳೆ ಜೋಳ ಸುಟ್ಟು ತಿನ್ನುವ ಸೀತನಿಯ ಕಾಲವೂ ಮುಗಿದಿತ್ತು. ಅವಳಿಲ್ಲದೆ ಊರಿಗೆ ಹೋದರೆ ಜನ ನಗುತ್ತಾರೆ. ಹತ್ತು ವರ್ಷ ಇಲ್ಲೇ ಇದ್ದರೆ ಮನೆಅಳಿಯ ಎಂದು ಇನ್ನೂ ನಗುತ್ತಾರೆ. ಒಳಗೆ ಶೇವಂತಿಯ ಮಗ್ಗ ಮಾತ್ರ ಯಾರ ಗೊಡವೆಯೂ ಇಲ್ಲದೆ ಬಡಿದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಜನಗಣತಿಗೆಂದು ಬಂದ ಅನಂತ ಮಾಸ್ತರರು ಅಂಗಳಕ್ಕೆ ಕಾಲಿಟ್ಟರು. ಕೈಮುಗಿಯಲು ರಾಚಪ್ಪ ಹಿಡಿಕೆ ಬಿಟ್ಟ. ನಿಂಗಣ್ಣ ಟ್ರಂಕಿನ ಸಮೇತ ಮಾಸ್ತರರ ಪಾದಕ್ಕೆ ಬಿದ್ದ.

"ಇಷ್ಟ ಭಕ್ತಿ ಎಲ್ಲೂ ಕಂಡಿಲ್ಲಪಾ," ಎಂದರು ಅವರು.

ಹತ್ತು ವರ್ಷದ ಮಾತು ಕೇಳಿ ಮಾಸ್ತರರು ನಕ್ಕರು. "ಯಾರ ಹೇಳಿದ್ದು? ಬರದ್ರ ಯಾರನ್ನೂ ಕಟ್ಟಿಹಾಕಾಂಗಿಲ್ಲ. ಎಷ್ಟ ಬಾಯಿ ಅನ್ನೂದು ತಿಳೀದ ಅಡಗಿ ಮಾಡತಿರೇನು? ಹಂಗ ಸಾಲಿ, ದವಾಖಾನಿ, ಬಾವಿ. ಜನ ಎಷ್ಟ ಅದಾರಂತ ಗೊತ್ತಾಗ್ಲಿಲ್ಲಂದ್ರ ಸರಕಾರ ಯಾರಿಗಂತ ಕಟ್ಟಬೇಕು?"

ರಾಚಪ್ಪ ಮತ್ತೊಮ್ಮೆ ಕೈಮುಗಿದ. "ದಿಲ್ಲ್ಯಾಗ ಕೂತವ್ರು ನಮ್ಮನ್ನ ನೆನಿತಾರಲ್ರಿ. ನಮ್ಮ ಬೀಗರೂ ಇಷ್ಟ ಕೇಳಿಲ್ಲ."

ಮಾಸ್ತರರು ಒಳಗೆ ಇಣುಕಿದರು. "ನಿಂದೇನ ಕೆಲಸವ್ವಾ?"

ಮಗ್ಗ ನಿಂತಿತು. ಎರಡೂ ಮನೆಯಲ್ಲಿ ಶೇವಂತಿಯನ್ನು ಹೀಗೆ ಕೇಳಿದವರಿರಲಿಲ್ಲ.

"ನೇಯ್ತೀನ್ರಿ. ನಂದ ನಾನ ದುಡದ ಉಣ್ತೀನಿ. ಹಂಗ ಬರೀತೀರೇನ್ರಿ?"

"ಬರದೆ ನೋಡು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೊಡ್ಡ ಉಪಕಾರ ಆತ್ರಿ ಮಾಸ್ತರ."

ನಿಂಗಣ್ಣ ಮೆಲ್ಲಗೆ ಟ್ರಂಕಿನ ಹಿಂದೆ ಸರಿದ. "ನಾ ಪಾವಣ್ಯಾರಿ, ಬಂದು ಹೋಗಾಂವ. ನನ್ನ ಬಿಡ್ರಿ."

"ಸಂಕ್ರಾಂತಿಯಿಂದ ಇಲ್ಲೇ ಉಣ್ಣಾಕತ್ತಾನ್ರಿ," ಎಂದಳು ಮಾಯವ್ವ.

"ಹಂಗಾದ್ರ ಇಲ್ಲೇ ಬರೀಬೇಕು. ನಿನ್ನ ಕೆಲಸ?"

"ನೇಕಾರ್ರಿ."

"ಬಂದಾಗಿಂದ ಏನ ನೇಯ್ದಿ?"

ನಿಂಗಣ್ಣ ಮಾಡಿನ ತೊಲೆ ಎಣಿಸತೊಡಗಿದ.

"ಖರೆ ಹೇಳಪಾ. ಸರಕಾರಕ್ಕ ಸುಳ್ಳ ಬರಸಬಾರದು. ನಿನ್ನ ಸಾಕಾವರು ಯಾರು?"

"ನಾನ್ರಿ," ಮಗ್ಗದ ಕುಣಿಯೊಳಗಿಂದ ಶೇವಂತಿ ಹೇಳಿದಳು.

"'ದುಡಿಯುವುದಿಲ್ಲ. ಹೆಂಡತಿಯ ಅವಲಂಬಿತ,'" ಎಂದು ಮಾಸ್ತರರು ಬರೆದು ಓದಿಹೇಳಿದರು. ಅವರು ಮುಂದಿನ ಮನೆ ಮುಟ್ಟುವ ಮೊದಲೇ ಮಾಯವ್ವ ಓಣಿಯ ಕೊನೆ ಮುಟ್ಟಿದ್ದಳು.

ನಿಂಗಣ್ಣ ಕುಣಿಯ ಅಂಚಿಗೆ ಕುಕ್ಕರಿಸಿದ. "ತಪ್ಪಾತು ಶೇವಂತಿ. ಕೂತ ಉಣ್ಣಾಕಿ ಅಂತ ಇನ್ಮ್ಯಾಲ ಅನ್ನಾಂಗಿಲ್ಲ. ನಡಿ, ಮನಿಗೆ ಹೋಗೂಣು."

ಶೇವಂತಿ ಅವನನ್ನೇ ನೋಡಿದಳು. ದುಡಿಯುವವಳೆಂದು ಮಾಸ್ತರರು ಬರೆದುಕೊಂಡು ಹೋದ ಮಾತು ಅವಳ ಎದೆಯನ್ನು ಹಗುರ ಮಾಡಿತ್ತು. ಕುಣಿಯಿಂದ ಮೇಲೆದ್ದು ನೂಲು ಓಡಿಸುವ ಲಾಳಿಯನ್ನು ಅವನತ್ತ ಚಾಚಿದಳು.

"ಆತು, ಬರತೀನಿ. ಈ ಸೀರಿ ಇನ್ನೊಂದ ಮೊಳ ಉಳದೈತಿ. ನೀವ ಕೂತ ಮುಗಸ್ರಿ, ನಾ ಬುತ್ತಿ ಕಟ್ಟತೀನಿ. ಸಂಜಿಗೆ ರಬಕವಿ."

ಸಂಕ್ರಾಂತಿಯಿಂದ ಬೇಡಿಕೊಂಡದ್ದು ಒಂದು ಮೊಳದಾಚೆ ಇತ್ತು. ನಿಂಗಣ್ಣ ಲಾಳಿಯನ್ನು ಹರಳೆಣ್ಣೆಯ ಬಟ್ಟಲು ನೋಡಿದಂತೆ ನೋಡಿದ. ಆಮೇಲೆ ಮಾಸ್ತರರು ಹೋದ ದಿಕ್ಕಿಗೆ ಕೈಮುಗಿದು, ಟ್ರಂಕಿಗೆ ಒರಗಿ ಕಾಲು ಚಾಚಿದ.

"ಒಲ್ಲೆ. ಸರಕಾರಕ್ಕ ಬರಸಿದ್ದ ನಾ ಸುಳ್ಳ ಮಾಡಾಂಗಿಲ್ಲ."