ಕರೆಂಟಿನ ಬೀಡಿ

ನಾನು ಈ ಜೀವನದಲ್ಲಿ ಏನನ್ನಾದರೂ ನಿಜವಾಗಿ ಬಿಟ್ಟಿದ್ದೇನೆಯೇ ಎಂದು ಕುಳಿತು ಯೋಚಿಸಿದರೆ, ಬಿಟ್ಟದ್ದಕ್ಕಿಂತ ಬದಲಾಯಿಸಿದ್ದೇ ಹೆಚ್ಚು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಸಕ್ಕರೆ ಬಿಡಿ ಎಂದು ಡಾಕ್ಟರು ಹೇಳಿದಾಗ ಬೆಲ್ಲ ಹಿಡಿದೆ. ಮನೆಯಲ್ಲಿ ಮೂರನೆಯ ಚಹಾ ಬಂದ್ ಆದಾಗ ಅದನ್ನು ಆಫೀಸಿಗೆ ಒಯ್ದೆ. ಕೆಳಗಿನ ಮನೆಯವರೊಡನೆ ಇನ್ನು ಜಗಳವಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಾಲ್ಕನಿಯಲ್ಲಿ ನಿಂತು ಅವರ ಸ್ಕೂಟರನ್ನು ಸುಮ್ಮನೆ ದಿಟ್ಟಿಸತೊಡಗಿದೆ. ಹೀಗಿರುವ ನಾನು ಒಂದು ದಿನ ಪುಣೆಯ ಧನಕವಡಿಯ ನಮ್ಮ ಪುಟ್ಟ ಫ್ಲ್ಯಾಟಿನ ನಡುಮನೆಯಲ್ಲಿ ನಿಂತು, "ನಾ ಸಿಗರೇಟ್ ಬಿಟ್ಟೆ" ಎಂದು ಘೋಷಿಸಿದಾಗ, ನನ್ನ ಹೆಂಡತಿ ವತ್ಸಲಾ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: "ಬಿಟ್ಟು ಏನು ಹಿಡದ್ರಿ?" ನನ್ನೊಡನೆ ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಸಿಗರೇಟು ನನಗೆ ಅಂಟಿಕೊಂಡದ್ದು ತೊಂಬತ್ತರ ದಶಕದ ಶುರುವಿನಲ್ಲಿ, ವಿಜಾಪುರದಿಂದ ಪುಣೆಗೆ ಬಂದ ಹೊಸತರಲ್ಲಿ. ಅಲ್ಲಿಯ ಕ್ಯಾಂಪ್ ಎಂಬ ಬಡಾವಣೆಯ ಒಂದು ಹಳೆಯ ಕಟ್ಟಡದಲ್ಲಿ ನನಗೆ ಗುಮಾಸ್ತನ ಕೆಲಸ. ಆಫೀಸಿನವರೆಲ್ಲ ಮರಾಠಿಯವರು. ಊಟದ ನಂತರ ನಾಲ್ಕು ಜನ ಮೆಟ್ಟಿಲ ಮೇಲೆ ನಿಂತು ಸಿಗರೇಟು ಸೇದುತ್ತ ಹರಟುತ್ತಿದ್ದರು. ಅವರ ನಡುವೆ ನಿಂತರೆ ಮರಾಠಿ ಬೇಗ ಬರುತ್ತದೆ ಎಂದುಕೊಂಡೆ. ಆದರೆ ಬರಿಗೈಯಲ್ಲಿ ನಿಂತವನನ್ನು ಅಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಹೀಗಾಗಿ ಭಾಷೆ ಕಲಿಯುವ ಸದುದ್ದೇಶದಿಂದ ಸಿಗರೇಟು ಹಿಡಿದೆ. ಮರಾಠಿ ಆರು ತಿಂಗಳಲ್ಲಿ ಬಂತು. ಕಲಿಯುವುದು ಮುಗಿದ ಮೇಲೂ ಸಿಗರೇಟು ಮಾತ್ರ ಹೋಗಲಿಲ್ಲ.

ಅದನ್ನು ಬಿಡಿಸಿದವರು, ಅಂದರೆ ಬಿಡಿಸಲು ಕಾರಣರಾದವರು, ನಮ್ಮ ಅತ್ತೆಯವರು. ವತ್ಸಲಾಳ ತಾಯಿ. ನಮ್ಮ ಜೊತೆಗೇ ಇದ್ದರು. ಎಪ್ಪತ್ತು ದಾಟಿದ ಮಡಿವಂತ ಹೆಂಗಸು, ಆದರೆ ತಪಕೀರಿನ ವಿಷಯದಲ್ಲಿ ಮಾತ್ರ ಭಾರಿ ಉದಾರಿ. ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು ಮೂಗಿಗೆ ಏರಿಸಿ, ಕಣ್ಣು ಮುಚ್ಚಿ ಕುಳಿತರೆಂದರೆ ಇಡೀ ಧನಕವಡಿ ಆ ಸೀನಿಗಾಗಿ ಕಾಯಬೇಕು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದು, ಟಿವಿಯಲ್ಲಿ ಯಾರು ಅತ್ತೆ ಯಾರು ಸೊಸೆ ತಿಳಿಯದಂತಾಯಿತು. ಸದಾಶಿವ ಪೇಠದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ನಡುವಯಸ್ಸಿನ ಮರಾಠಿ ಹೆಂಗಸು. ಎಲ್ಲ ನೋಡಿ, "ಆಜೀ, ತಪಕೀರ ಬಂದ್" ಎಂದರು. ಆಪರೇಷನ್ ಆದ ಕಣ್ಣಿಗೆ ಅಂಥ ಸೀನು ಆಗಿಬರುವುದಿಲ್ಲವಂತೆ. ಒಂದು ತಿಂಗಳು ಮೊದಲೇ ಬಿಟ್ಟರೆ ಒಳ್ಳೆಯದಂತೆ.

ಅತ್ತೆಯವರು ಸೊಂಟದ ಡಬ್ಬಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಹೇಳಿದರು: "ಬಿಡ್ತೀನಿ. ಆದರ ನಮ್ಮ ಅಳಿಯಂದ್ರೂ ಸಿಗರೇಟ್ ಬಿಡಬೇಕು. ಒಬ್ಬಾಕಿನ ಬಿಡೂದಂದ್ರ ಭಾಳ ಬ್ಯಾಸರ."

ಡಾಕ್ಟರಿಗೆ ಕನ್ನಡ ಬಾರದು, ಅತ್ತೆಯವರಿಗೆ ಮರಾಠಿ ಅಷ್ಟಕ್ಕಷ್ಟೆ. ನಡುವೆ ದುಭಾಷಿ ನಾನೇ. ಈ ಒಂದು ವಾಕ್ಯವನ್ನು ಅನುವಾದದಲ್ಲಿ ಮೆಲ್ಲಗೆ ಕೈಬಿಡಬಹುದಿತ್ತು. ಆದರೆ ಪಕ್ಕದಲ್ಲಿ ನಿಂತಿದ್ದ ವತ್ಸಲಾಳ ಮರಾಠಿ ನನ್ನದಕ್ಕಿಂತ ಚೆನ್ನಾಗಿತ್ತು. ನನ್ನ ಬಾಯಿಂದಲೇ ನನ್ನ ಶಿಕ್ಷೆಯನ್ನು ಓದಿ ಹೇಳಿದೆ. ಡಾಕ್ಟರು ನಕ್ಕು, ಆಜಿಯ ಷರತ್ತು ತಮಗೂ ಒಪ್ಪಿಗೆ ಎಂದರು.

ಅತ್ತೆಯವರು ಅಂದು ಸಂಜೆಯೇ ಡಬ್ಬಿಯನ್ನು ಮಗಳ ಕೈಗೆ ಕೊಟ್ಟುಬಿಟ್ಟರು. ನಾನೂ ಸಿಗರೇಟಿನ ಪಾಕೀಟು ಕೊಟ್ಟೆ. ಮುಂದಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಇಬ್ಬರು ರೋಗಿಗಳು. ಅವರು ಕುಕ್ಕರಿನ ಸೀಟಿಗೆ ಬೈದರೆ ನಾನು ಪೇಪರಿನವನಿಗೆ ಬೈಯುತ್ತಿದ್ದೆ. ಐದನೆಯ ದಿನ, ಯಂತ್ರದ ಬಿಡಿಭಾಗಗಳ ವ್ಯಾಪಾರಕ್ಕೆಂದು ಚೀನಾಕ್ಕೆ ಹೋಗಿದ್ದ ವತ್ಸಲಾಳ ತಮ್ಮ ಅನಂತ ಮನೆಗೆ ಬಂದ. ನನ್ನ ಮುಖ ನೋಡಿ ಮರುಗಿ, ಬ್ಯಾಗಿನಿಂದ ಉದ್ದನೆಯ ಪೆಟ್ಟಿಗೆಯೊಂದನ್ನು ತೆಗೆದ. "ಭಾವಾ, ಇದು ಇಲೆಕ್ಟ್ರಾನಿಕ್ ಸಿಗರೇಟ್. ಬೆಂಕಿ ಇಲ್ಲ, ಬೂದಿ ಇಲ್ಲ. ಇನ್ನ ಯಾರೂ ಏನೂ ಬಿಡಬೇಕಾಗಿಲ್ಲ." ನೋಡಲು ಥೇಟ್ ಸಿಗರೇಟಿನಂತೆ ಬಿಳಿ ಕೊಳವೆ. ಎಳೆದರೆ ತುದಿಯಲ್ಲಿ ಪುಟ್ಟ ಕೆಂಪು ದೀಪ, ಬಾಯಿಂದ ಬಿಳಿ ಉಗಿ. ಗೋಡೆಗೆ ಹಚ್ಚಿ ಚಾರ್ಜ್ ಮಾಡಬೇಕು. ಜೊತೆಗೆ ಅದರೊಳಗೆ ಹಾಕುವ ಸಣ್ಣ ಕಾರ್ಟ್ರಿಜ್‌ಗಳು: ನಿಕೋಟಿನ್ ಹೆಚ್ಚು ಇರುವಂಥವು, ಮಧ್ಯಮದವು, ಕಡಿಮೆಯವು, ಮತ್ತು ಏನೂ ಇಲ್ಲದವು. ಆಗಲೇ ನಾನು ನಡುಮನೆಯಲ್ಲಿ ನಿಂತು ಆ ಘೋಷಣೆ ಮಾಡಿದ್ದು.

ಅತ್ತೆಯವರು ಅದನ್ನು ಕೈಯಲ್ಲಿ ಹಿಡಿದು ತಡವಿ ನೋಡಿದರು. "ಕರೆಂಟಿನ ಬೀಡಿ ಏನ್ರಿ ಇದು? ಇದರಾಗ ಏನದ?"

"ಉಗಿ ಅದರಿ ಅತ್ತೀ. ಮತ್ತ ಚೂರು ನಿಕೋಟಿನ್."

"ಹಂಗಂದ್ರ?"

"ತಂಬಾಕಿನ್ಯಾಗ ಇರ್ತದಲ್ಲ, ಅದು."

"ಹಂಗಾರ ತಂಬಾಕದ ಅನ್ರಿ."

"ಇಲ್ರಿ, ತಂಬಾಕು ಇಲ್ಲ. ತಂಬಾಕಿನ್ಯಾಗ ಇರೂದಷ್ಟ ಅದ."

ಅವರು ಯೋಚಿಸಿದರು. "ನನ್ನ ತಪಕೀರಿನ್ಯಾಗೂ ಅದ ಇತ್ತೇನ್ರಿ?" ನನಗೆ ತಟ್ಟನೆ ಕೊತ್ತಂಬರಿ ತರುವುದು ನೆನಪಾಗಿ ಚಪ್ಪಲಿ ಮೆಟ್ಟಿಕೊಂಡೆ.

ಮೊದಲ ವಾರ ಸ್ವರ್ಗ. ಬಟ್ಟೆಗೆ ವಾಸನೆಯಿಲ್ಲ, ಬೆಳಗಿನ ಕೆಮ್ಮೂ ಕಡಿಮೆಯಾದಂತೆ ಅನಿಸಿತು. ಆಫೀಸಿನಲ್ಲಿ ಮೆಟ್ಟಿಲಿಗೆ ಹೋಗುವ ಕೆಲಸವೇ ಇಲ್ಲ, ಮೇಜಿನ ಮುಂದೆ ಕುಳಿತೇ ಎಳೆಯಬಹುದು. ಆಮೇಲೆ ಒಂದು ಸಂಗತಿ ನಿಧಾನವಾಗಿ ತಲೆಗೆ ಹೊಳೆಯಿತು. ಸಿಗರೇಟು ಎಷ್ಟೇ ಕೆಟ್ಟದ್ದಿರಲಿ, ಅದು ಮುಗಿಯುತ್ತಿತ್ತು. ಬೆರಳಿಗೆ ಬಿಸಿ ತಾಗುತ್ತಲೇ ಒಗೆದು ಒಳಗೆ ಹೋಗುತ್ತಿದ್ದೆ. ಇದು ಮುಗಿಯುವುದೇ ಇಲ್ಲ. ಹಲ್ಲುಜ್ಜುವ ಮೊದಲು ಒಂದು ಎಳೆತ, ಉಜ್ಜಿದ ಮೇಲೆ ಒಂದು. ಸ್ನಾನದ ನೀರು ಕಾಯುವಷ್ಟರಲ್ಲಿ ಎರಡು. ಫೋನಿನಲ್ಲಿ ಮಾತಾಡುತ್ತ ಎಷ್ಟೋ. ಹಿಂದೆ ದಿನಕ್ಕೆ ಹತ್ತು ಸಲ ಸೇದುತ್ತಿದ್ದವನು ಈಗ ದಿನಕ್ಕೆ ಒಂದೇ ಸಲ ಸೇದುತ್ತಿದ್ದೆ, ಬೆಳಗಿನಿಂದ ಮಲಗುವವರೆಗೆ. ಜೊತೆಗೆ ಬ್ಯಾಟರಿಯ ಚಿಂತೆ. ಯಾರ ಮನೆಗೆ ಹೋದರೂ ಅವರ ಮಕ್ಕಳನ್ನು ಮಾತಾಡಿಸುವ ಮೊದಲು ಗೋಡೆಯ ಪ್ಲಗ್ಗು ಎಲ್ಲಿದೆ ಎಂದು ಕಣ್ಣು ಹುಡುಕುತ್ತಿತ್ತು. ಒಮ್ಮೆ ಅವಸರದಲ್ಲಿ, ನಿಕೋಟಿನ್ ಏನೂ ಇಲ್ಲದ ಕಾರ್ಟ್ರಿಜ್ ಹಾಕಿಕೊಂಡು ಆಫೀಸಿಗೆ ಹೋದೆ. ಉಗಿ ಅದೇ, ದೀಪ ಅದೇ. ಮಧ್ಯಾಹ್ನದ ಹೊತ್ತಿಗೆ ಎರಡು ಪತ್ರಗಳನ್ನು ತಪ್ಪು ವಿಳಾಸಕ್ಕೆ ಕಳಿಸಿ, ಸಾಹೇಬರಿಗೆ ಎದುರುತ್ತರ ಕೊಟ್ಟು, ತಲೆನೋವೆಂದು ಮನೆಗೆ ಬಂದೆ. ತಪ್ಪು ಎಲ್ಲಾಗಿದೆ ಎಂದು ಗೊತ್ತಾದ ಮೇಲೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೆಚ್ಚಿನದನ್ನು ಹಾಕಿಕೊಂಡೆ, ತಲೆನೋವು ಹೋಯಿತು.

ಆಪರೇಷನ್ನಿನ ದಿನ ಗುರುವಾರ ಬಂತು. ಗುರುವಾರವೆಂದರೆ ಆಗ ಪುಣೆಯಲ್ಲಿ ಹಗಲೆಲ್ಲ ಕರೆಂಟು ಇಲ್ಲದ ದಿನ. ಅದು ಗೊತ್ತಿದ್ದೂ ಹಿಂದಿನ ಸಂಜೆ ಚಾರ್ಜಿಗೆ ಹಾಕುವುದನ್ನು ಮರೆತಿದ್ದೆ. ಬೆಳಿಗ್ಗೆ ರಿಕ್ಷಾದಲ್ಲಿ ಎರಡು ಸಲ ಎಳೆಯುವಷ್ಟರಲ್ಲಿ ಕೆಂಪು ದೀಪ ಪಿಳಿಪಿಳಿ ಮಾಡಿ ಸತ್ತಿತು. ಆಸ್ಪತ್ರೆಯಲ್ಲಿ ಅತ್ತೆಯವರಿಗೆ ಹಸಿರು ಗೌನು ತೊಡಿಸಿ, ಕಣ್ಣಿಗೆ ಹನಿ ಹಾಕಿ ಒಳಗೆ ಕೂರಿಸಿದರು. ವತ್ಸಲಾ ಅವರ ಹತ್ತಿರ. ನಾನು ಹೊರಗೆ ಬೆಂಚಿನ ಮೇಲೆ. ಬಿಪಿ, ಸಕ್ಕರೆ, ಕಣ್ಣಿನ ಅಳತೆ, ಎಲ್ಲ ರಿಪೋರ್ಟಿನ ಫೈಲು ನನ್ನ ಕಂಕುಳಲ್ಲಿ. "ಕರದಾಗ ಕೊಡ್ರಿ, ಎಲ್ಲೂ ಹೋಗಬ್ಯಾಡ್ರಿ" ಎಂದು ವತ್ಸಲಾ ಹೇಳಿ ಹೋಗಿದ್ದಳು.

ಹತ್ತು ನಿಮಿಷ ಕುಳಿತೆ. ಕಾಲು ತಾನಾಗಿ ಕುಣಿಯತೊಡಗಿತು. ಪಕ್ಕದವರು ನನ್ನ ಕಾಲು ನೋಡಿದರು, ನಿಲ್ಲಿಸಿದೆ, ಬೆರಳು ಕುಣಿಯತೊಡಗಿದವು. ಎದ್ದು ಗೋಡೆಯ ಮೇಲಿನ ಕಣ್ಣಿನ ಚಿತ್ರ ಓದಿದೆ, ಕುಳಿತೆ, ಮತ್ತೆ ಎದ್ದೆ. ಆಸ್ಪತ್ರೆಯ ಜನರೇಟರು ಆಪರೇಷನ್ ಕೋಣೆಗೆ ಮಾತ್ರ. ಕೆಳಗಿಳಿದು ಐದೇ ನಿಮಿಷದಲ್ಲಿ ಬರುತ್ತೇನೆ ಎಂದುಕೊಂಡು ಬೀದಿಗೆ ಬಂದೆ. ಝೆರಾಕ್ಸ್ ಅಂಗಡಿ ಕತ್ತಲು. ಔಷಧದ ಅಂಗಡಿ ಕತ್ತಲು. ಎರಡು ಗಲ್ಲಿಯಾಚೆ ಒಂದು ಕೋಚಿಂಗ್ ಕ್ಲಾಸಿನಲ್ಲಿ ಫ್ಯಾನು ತಿರುಗುತ್ತಿತ್ತು. ಇನ್ವರ್ಟರ್! ಅಲ್ಲಿಯ ಗುಮಾಸ್ತರಿಗೆ ಮರಾಠಿಯಲ್ಲಿ, ಇದು ಔಷಧೋಪಚಾರದ ಯಂತ್ರ, ತುಂಬ ತುರ್ತು ಎಂದೆ. ಅವರು ಪಾಪ ನಂಬಿ, ನನಗೊಂದು ಕುರ್ಚಿಯನ್ನೂ ಕೊಟ್ಟರು. ಒಳಗೆ ಯಾರೋ ವೇಗ, ದೂರ, ಕಾಲದ ಲೆಕ್ಕ ಹೇಳಿಕೊಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ದೀಪ ಬಂತು. ಮೆಟ್ಟಿಲಲ್ಲಿ ನಿಂತು ಮೂರು ಸಲ ಆಳವಾಗಿ ಎಳೆದೆ. ಲೋಕ ಮತ್ತೆ ಸುಂದರವಾಯಿತು. ಆಗ ಕಂಕುಳಲ್ಲಿ ಏನೋ ಚುಚ್ಚುತ್ತಿದೆಯಲ್ಲ ಎಂದು ನೋಡಿಕೊಂಡರೆ ಫೈಲು.

ಸದಾಶಿವ ಪೇಠದಲ್ಲಿ ನಾನು ಅದಕ್ಕೆ ಮೊದಲೂ ಆಮೇಲೂ ಹಾಗೆ ಓಡಿಲ್ಲ. ವತ್ಸಲಾ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದಳು. ನನ್ನ ಮೊಬೈಲು ಅವಳ ಚೀಲದಲ್ಲೇ ಇದ್ದುದರಿಂದ, ಅವಳು ಮಾಡಿದ ಫೋನು ಅವಳಿಗೇ ಕೇಳಿಸಿತ್ತು. ಫೈಲು ಕಸಿದುಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಡಾಕ್ಟರು ಅತ್ತೆಯವರನ್ನು ಬಿಟ್ಟು ಬೇರೆ ಇಬ್ಬರನ್ನು ಒಳಗೆ ಕರೆದಾಗಿತ್ತು. ಸರದಿ ಮಧ್ಯಾಹ್ನಕ್ಕೆ ಹೋಯಿತು. ಅತ್ತೆಯವರು ದೊಗಳೆ ಗೌನಿನಲ್ಲಿ, ಹನಿ ಹಾಕಿದ ಕಣ್ಣು ಮುಚ್ಚಿಕೊಂಡು, ಸ್ಟೂಲಿನ ಮೇಲೆ ಕುಳಿತೇ ಇದ್ದರು. ಬೈದಿದ್ದರೆ ಚೆನ್ನಾಗಿತ್ತು. "ಬಂದ್ರೇನು?" ಎಂದರಷ್ಟೆ. "ರೋಡಿನ್ಯಾಗ ಏನರ ಆತೇನೊ ಅಂತ ಜೀವ ಹಾರಿತ್ತು."

ಏನೋ ಒಂದು ಸುಳ್ಳು ಬಾಯಿಗೆ ಬಂದಿತ್ತು. ಆ ಮುಚ್ಚಿದ ಕಣ್ಣುಗಳ ಮುಂದೆ ಅದನ್ನು ಹೇಳಲಾಗಲಿಲ್ಲ. ಚಾರ್ಜ್ ಮಾಡಲು ಹೋಗಿದ್ದೆ ಎಂದೆ.

ಅತ್ತೆಯವರು ತಲೆಯಾಡಿಸಿದರು. "ನಂದೂ ಕೈ ಸೊಂಟಕ್ಕ ಹೋಗ್ತದರಿ. ಡಬ್ಬಿ ಇಲ್ಲಂತ ಗೊತ್ತಿದ್ರೂ ಹೋಗ್ತದ. ಅಳಿಯಂದ್ರೂ ಬಿಟ್ಟಾರಲ್ಲ ಅಂತ ತಡಕೊಂಡೀನಿ." ಗೌನು ಸರಿಮಾಡಿಕೊಂಡು ಸೇರಿಸಿದರು: "ನೀವು ಬಿಟ್ಟಿಲ್ಲಂತ ಮೊದಲ ಹೇಳಿದ್ರ ನಾನೂ ಒಂದೊಂದು ಚಿಟಿಕಿ ಏರಸ್ತಿದ್ನಿ."

ಆಪರೇಷನ್ ಚೆನ್ನಾಗಿಯೇ ಆಯಿತು. ಹೊರಗೆ ಬಂದ ಡಾಕ್ಟರಿಗೆ ಕ್ಷಮೆ ಕೇಳಿ, ಆ ಕೊಳವೆಯನ್ನು ತೋರಿಸಿ, ನಾನು ಸಿಗರೇಟಂತೂ ಬಿಟ್ಟಿದ್ದೇನೆ, ಇದಕ್ಕಿಂತ ಹೆಚ್ಚು ಏನು ಬಿಡಬೇಕು ಎಂದು ಸ್ವಲ್ಪ ವಾದದ ದನಿಯಲ್ಲೇ ಕೇಳಿದೆ. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಹೊಗೆ ಹೋಯಿತಲ್ಲ, ಅಷ್ಟಕ್ಕೆ ಒಳ್ಳೆಯದೇ ಇರಬಹುದು. ಈ ವಸ್ತು ಹೊಸದು, ಮುಂದೆ ಏನು ಮಾಡುತ್ತದೋ ನಾನು ಹೇಳಲಾರೆ. ಆದರೆ ಒಂದು ತಾಸು ಇದಿಲ್ಲದೆ ಬೆಂಚಿನ ಮೇಲೆ ಕೂರಲು ಬರುವುದಿಲ್ಲ ಎಂದರೆ, ನೀವು ಬಿಡಬೇಕಾದದ್ದು ಹಾಗೇ ಉಳಿದಿದೆ. ಇಷ್ಟು ಹೇಳಿ ಕೈ ತೊಳೆಯಲು ಹೋದರು. ಇದನ್ನು ಕನ್ನಡಕ್ಕೆ ಅನುವಾದಿಸುವ ಅಗತ್ಯ ಯಾರಿಗೂ ಬೀಳಲಿಲ್ಲ.

ಆಮೇಲೆ ನಾನು ಬಿಡತೊಡಗಿದೆ. ಹೆಚ್ಚಿನದರಿಂದ ಮಧ್ಯಮಕ್ಕೆ, ಅದರಿಂದ ಕಡಿಮೆಗೆ ಇಳಿದೆ. ಒಂದೊಂದು ಮೆಟ್ಟಿಲಿಗೂ ಒಂದು ವಾರ ಮನೆಯಲ್ಲಿ ಯಾರೂ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ, ಅತ್ತೆಯವರೊಬ್ಬರನ್ನು ಬಿಟ್ಟು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಎದುರಿಗೆ ಕುಳಿತು, ನನಗೆ ತೊಗರಿ ಬೇಳೆ ಆರಿಸಲು ಕೊಡುತ್ತಿದ್ದರು. "ಮನಸ್ಸಿಗೆ ಬಂದಾಗ ಕೈಗೆ ಕೆಲಸ ಕೊಡಬೇಕ್ರಿ. ಅದು ಬರ್ತದ, ಸ್ವಲ್ಪ ಹೊತ್ತು ಕುಂಡರ್ತದ, ಹೋಗ್ತದ." ಬೇಳೆ ಮುಗಿಯಿತು, ಅಕ್ಕಿ ಮುಗಿಯಿತು. ಕಲ್ಲೇ ಇಲ್ಲದ ರವೆಯನ್ನೂ ಆರಿಸಿದೆ. ಒಂದು ಸಂಜೆ ನಾನೇ ಆ ಕೊಳವೆ, ಚಾರ್ಜರು, ಉಳಿದ ಕಾರ್ಟ್ರಿಜ್ ಎಲ್ಲವನ್ನೂ ವತ್ಸಲಾಳ ಕೈಗೆ ಕೊಟ್ಟೆ. ಅವಳು ಈ ಸಲ ಏನು ಹಿಡಿದಿರಿ ಎಂದು ಕೇಳಲಿಲ್ಲ. ಮುಖವನ್ನೊಮ್ಮೆ ನೋಡಿ, ಚಹಾ ಮಾಡಲು ಎದ್ದಳು.

ಮೂರು ತಿಂಗಳಿಗೆ ಎರಡನೆಯ ಕಣ್ಣಿನ ಸರದಿ ಬಂತು. ಅದೇ ಆಸ್ಪತ್ರೆ, ಅದೇ ಬೆಂಚು. ಈ ಸಲ ನಾನು ಕೂತಲ್ಲಿಂದ ಅಲುಗಲಿಲ್ಲ. ಕರೆದ ಕೂಡಲೇ ಫೈಲು ಕೊಟ್ಟೆ. ಅಂದೇ ಕೊಳ್ಳಬೇಕಾದ ಕಣ್ಣಿನ ಹನಿಯ ಚೀಟಿಯನ್ನು ನರ್ಸ್ ಕೊಟ್ಟಾಗ ತೆಗೆದುಕೊಂಡು ಮತ್ತೆ ಕುಳಿತೆ. ಎರಡು ತಾಸು ಬಂಡೆಯಂತೆ ಕುಳಿತಿದ್ದೆ. ಇಂಥ ಸ್ಥಿರಚಿತ್ತವನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಗಾಗ ಸುತ್ತ ನೋಡುತ್ತಲೂ ಇದ್ದೆ. ಕೊನೆಗೆ ಬಾಗಿಲು ತೆರೆಯಿತು. ಎರಡನೆಯ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅತ್ತೆಯವರನ್ನು ವತ್ಸಲಾ ಕೈಹಿಡಿದು ಕರೆತಂದಳು. ನಾನು ಎದ್ದು ನಿಂತು, ಶಭಾಸ್‌ಗಿರಿಗಾಗಿ ಮುಖವನ್ನು ಸಿದ್ಧಮಾಡಿಕೊಂಡೆ.

"ಔಷಧದ ಚೀಟಿ ಎಲ್ಲಿಟ್ರಿ?" ಎಂದಳು ವತ್ಸಲಾ.

ಅಂಗಿಯ ಜೇಬು ನೋಡಿಕೊಂಡೆ. ಪ್ಯಾಂಟಿನ ಜೇಬು ನೋಡಿಕೊಂಡೆ. ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಎಲ್ಲೂ ಇಲ್ಲ. ಮೊದಲು ಆಪರೇಷನ್ ಆಗಿ ಈಗ ನಿಚ್ಚಳವಾಗಿ ಕಾಣುತ್ತಿದ್ದ ಆ ಒಂದು ಕಣ್ಣಿನಿಂದ ಅತ್ತೆಯವರು ನನ್ನನ್ನು ದೂರದಿಂದಲೇ ಸ್ವಲ್ಪ ಹೊತ್ತು ನೋಡಿದರು.

"ಅಲ್ಲೆ ನೋಡವಾ," ಎಂದರು ಮಗಳಿಗೆ, "ಸುರುಳಿ ಮಾಡಿ ಬಾಯಾಗ ಇಟ್ಕೊಂಡಾರ."